ಅವ್ವನ ಪಡಸಾಲೆ, ಅಕ್ಕನ ಅರೆಮಂಡಿ

ನಮ್ಮ ಮನೆಯ ಪಡಸಾಲೆಯಲ್ಲಿ ಒಂದೇ ಒಂದು ಕುರ್ಚಿ ಇರಲಿಲ್ಲ. ಬಂದವರು ಸೋದರಮಾವನೇ ಆಗಲಿ, ತಹಶೀಲ ಕಚೇರಿಯ ಸಾಹೇಬರೇ ಆಗಲಿ, ಹೊರಗಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಎದ್ದು ಹೋಗಬೇಕು. ಒಳಗೆ ಕುರ್ಚಿ ಹಾಕಿದರೆ ಹುಡುಗಿಯರು ಕುಣಿಯುವುದೆಲ್ಲಿ ಎಂದು ಅವ್ವ ಕೇಳುತ್ತಿದ್ದಳು. ತೆಲುಗು ಸೀಮೆಯ ಗಡಿಯೂರು ನಾರಾಯಣಪೇಟೆಯ ಮಗ್ಗದ ಓಣಿಯಲ್ಲಿ ನಮ್ಮದು ಕೊನೆಯ ಮನೆ. ಎದುರಿಗೂ ಪಕ್ಕಕ್ಕೂ ನೇಕಾರರು. ಬೆಳಗಾದರೆ ಓಣಿಯ ತುಂಬ ಮಗ್ಗದ ಸದ್ದು, ನಮ್ಮ ಮನೆಯಿಂದ ಅವ್ವನ ಕೋಲಿನ ಸದ್ದು. ಅವ್ವ ರಾಯಚೂರಿನವಳು, ಮದುವೆಗೆ ಮುಂಚೆ ಅಲ್ಲಿ ಭರತನಾಟ್ಯ ಕಲಿತವಳು. ಗಂಡನ ಮನೆಗೆ ಬರುವಾಗ ಪಾತ್ರೆ ಪಗಡಗಳ ಜೊತೆ ಗೆಜ್ಜೆಯನ್ನೂ ತಾಳ ತಟ್ಟುವ ಮಣೆಯನ್ನೂ ತಂದಳಂತೆ. ಅಜ್ಜ ಬದುಕಿರುವ ತನಕ ಆ ಗೆಜ್ಜೆ ಟ್ರಂಕಿನಿಂದ ಮೇಲೇಳಲಿಲ್ಲ. ಸೊಸೆ ನಾಲ್ಕು ಮಂದಿಯ ಮುಂದೆ ಕುಣಿಯುವುದು ಅವರಿಗೆ ಆಗದ ಮಾತು. ಅಜ್ಜ ತೀರಿದ ಮೇಲೆ ಗೆಜ್ಜೆ ಹೊರಗೆ ಬಂತು, ಪಡಸಾಲೆಯಲ್ಲಿ ಓಣಿಯ ಹುಡುಗಿಯರಿಗೆ ಪಾಠ ಶುರುವಾಯಿತು. ಆದರೆ ಅಷ್ಟರಲ್ಲಿ ಅವ್ವನಿಗೆ ಇಬ್ಬರು ಹೆಣ್ಣುಮಕ್ಕಳಾಗಿ, ಮೈ ದಪ್ಪಗಾಗಿ, ತಾನು ವೇದಿಕೆ ಹತ್ತುವ ಆಸೆಯನ್ನು ಅವಳೇ ಕೈಬಿಟ್ಟಿದ್ದಳು. ಆ ಆಸೆ ಪೂರ್ತಿಯಾಗಿ ನನ್ನ ಅಕ್ಕ ಗಿರಿಜಾಳ ಪಾಲಿಗೆ ಬಂತು. ಅಕ್ಕನೂ ಅದನ್ನು ಹೊರೆ ಎಂದುಕೊಳ್ಳಲಿಲ್ಲ. ನೀರು ತುಂಬುವಾಗ, ರೊಟ್ಟಿ ತಟ್ಟುವಾಗ, ಹೆರಳು ಹಾಕಿಸಿಕೊಳ್ಳುವಾಗ ಅವಳ ಬಾಯಲ್ಲಿ ತಕಿಟ ತಕಧಿಮಿ ಎಂಬ ಜತಿ ಓಡುತ್ತಲೇ ಇರುತ್ತಿತ್ತು. ಅವಳಿಗೆ ಬೇಕಾಗಿದ್ದೂ ಅದೊಂದೇ, ಕುಣಿಯುವುದು.

ಅಕ್ಕನ ಕಣ್ಣು, ಕೈ, ತಾಳ, ಯಾವುದರಲ್ಲೂ ಅವ್ವನಿಗೆ ತಪ್ಪು ಸಿಗುತ್ತಿರಲಿಲ್ಲ. ಇದ್ದ ಕೊರತೆ ಒಂದೇ, ಅರೆಮಂಡಿ. ನಮ್ಮ ನಾಟ್ಯಕ್ಕೆ ಅದೇ ಬುನಾದಿ. ಮಂಡಿಗಳನ್ನು ಎರಡು ಪಕ್ಕಕ್ಕೆ ತೆರೆದು, ಅರ್ಧ ಕುಳಿತ ಹಾಗೆ ನಿಲ್ಲಬೇಕು. ಓಣಿಯ ಉಳಿದ ಹುಡುಗಿಯರು ತಕ್ಕಮಟ್ಟಿಗೆ ಕೂರುತ್ತಿದ್ದರು. ಅಕ್ಕ ಕೂತರೆ ಮಂಡಿಗಳು ಪಕ್ಕಕ್ಕೆ ಹೋಗದೆ ಮುಂದಕ್ಕೇ ಬರುತ್ತಿದ್ದವು. ಪಾದವನ್ನು ಪಕ್ಕಕ್ಕೆ ತಿರುಗಿಸಿದರೂ ಮಂಡಿ ಮಾತ್ರ ಮುಂದಿನ ಗೋಡೆಯನ್ನೇ ನೋಡುತ್ತಿತ್ತು. ಅವ್ವ ಕೋಲಿನ ತುದಿಯಿಂದ ಅವಳ ತೊಡೆ ಮುಟ್ಟಿ ಹೇಳುತ್ತಿದ್ದ ಮಾತು ಒಂದೇ.

"ಇನ್ನಾ ಕೆಳಗ. ಇನ್ನಾ ತೆರಿ. ಮೈಗಳ್ಳಿ ಆಗಬ್ಯಾಡ ಗಿರಿಜಾ. ನನ್ನ ಹೊಟ್ಯಾಗ ಹುಟ್ಟಿದಾಕಿಗೆ ಅರೆಮಂಡಿ ಬರಂಗಿಲ್ಲಂದ್ರ ನಂಬತಾರೇನು ಮಂದಿ?"

ಮೈಗಳ್ಳಿ ಎಂಬ ಮಾತಿಗೆ ಅಕ್ಕ ಎದುರಾಡುತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಅಂಗಳ ಗುಡಿಸುವವಳು ಅವಳೇ ಆದರೂ, ಅವ್ವ ಅಂದ ಮೇಲೆ ತನ್ನ ಮೈಯಲ್ಲಿ ಎಲ್ಲೋ ಕಳ್ಳತನ ಇದ್ದೇ ಇದೆ ಎಂದು ನಂಬಿಬಿಟ್ಟಿದ್ದಳು. ಅದನ್ನು ಬಿಡಿಸುವುದಕ್ಕೆ ನಮ್ಮ ಮನೆಯಲ್ಲಿ ದಿನಾ ಒಂದು ವಿಧಿ ನಡೆಯುತ್ತಿತ್ತು. ಸ್ನಾನ ಮುಗಿಸಿ, ದೇವರಿಗೆ ಕೈಮುಗಿದು, ಅಕ್ಕ ಪಡಸಾಲೆಯ ಬಂಡೆಗಲ್ಲಿನ ನೆಲದ ಮೇಲೆ ಬೋರಲಾಗಿ ಮಲಗಿ ಕಪ್ಪೆಯ ಹಾಗೆ ಮಂಡಿಗಳನ್ನು ಎರಡು ಕಡೆಗೆ ಮಡಚಬೇಕು. ಆಮೇಲೆ ನಾನು ಹೋಗಿ ಅವಳ ಸೊಂಟದ ಮೇಲೆ ಕೂರಬೇಕು. ರಾಯಚೂರಿನಲ್ಲಿ ಅವ್ವನಿಗೆ ಅವಳ ಗುರುಗಳು ಮರಳಿನ ಚೀಲ ಇಡುತ್ತಿದ್ದರಂತೆ. ನಮ್ಮಲ್ಲಿ ಮರಳಿನ ಚೀಲದ ಬದಲು ನಾನಿದ್ದೆ. ಅಡುಗೆಮನೆಯಲ್ಲಿ ಅವ್ವ ಮಂಡಾಳು, ಅಂದರೆ ಮಂಡಕ್ಕಿ, ನೆನೆಸಿ ವಗ್ಗಾಣಿಗೆ ಒಗ್ಗರಣೆ ಹಾಕುವ ತನಕ ಅದು ಸಾಗುತ್ತಿತ್ತು. ನನಗೆ ಆಗ ಅದು ದಿನದ ಅತ್ಯಂತ ಸುಖದ ಹೊತ್ತು. ಅಕ್ಕ ಬಂಡೆಗೆ ಗಲ್ಲ ಒತ್ತಿಕೊಂಡೇ ನನಗೆ ಕಥೆ ಹೇಳುತ್ತಿದ್ದಳು. ಅವಳ ಕಥೆಗಳಲ್ಲಿ ರಾಜಕುಮಾರಿಯರಿಗೆ ಕಾಲು ನೋಯುತ್ತಿರಲಿಲ್ಲ. ಕಥೆಯ ನಡುವೆ ಒಮ್ಮೊಮ್ಮೆ ಉಸಿರು ಬಿಗಿಹಿಡಿದು ಸುಮ್ಮನಾಗುತ್ತಿದ್ದಳು. ಮುಂದೇನಾಯಿತು ಎಂದು ನಾನು ಅಲ್ಲೇ ಕುಪ್ಪಳಿಸುತ್ತಿದ್ದೆ. ತಡಿ ನೀಲಾ, ಹೇಳ್ತೀನಿ ಎನ್ನುತ್ತಿದ್ದಳು.

ಅಪ್ಪ ಮಖ್ತಲ್‌ನ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಕೊರಳಲ್ಲಿ ಸೀಟಿಯ ದಾರ ಊಟಕ್ಕೆ ಕೂತಾಗಲೂ ಇರುತ್ತಿತ್ತು. ಅವ್ವನ ಕೋಲಿಗೂ ಅಪ್ಪನ ಸೀಟಿಗೂ ಎಂದೂ ಸರಿಬರಲಿಲ್ಲ. ಅಪ್ಪ ಪಡಸಾಲೆ ದಾಟುವಾಗ ಏನಾದರೊಂದು ಅನ್ನುವರು, ಅವ್ವ ತಾಳ ನಿಲ್ಲಿಸಿ ತಿರುಗಿ ಅನ್ನುವಳು, ಹುಡುಗಿಯರು ಬಾಯಿ ಮುಚ್ಚಿಕೊಂಡು ನಗುವರು.

"ಶಾಂತಾ, ಮೈ ಬಿಸಿ ಮಾಡಿಸಲಾರದ ಹುಡುಗ್ಯಾರನ್ನ ಹಂಗ ಕಲ್ಲಿನ ಮ್ಯಾಲ ಜಿಗಿಸಬ್ಯಾಡ. ನಮ್ಮ ಸಾಲ್ಯಾಗ ಕಬಡ್ಡಿಗೂ ಮದಲ ಓಡಸ್ತೀವಿ."

"ನಿಮ್ಮ ಕಬಡ್ಡಿ ಬ್ಯಾರೆ ರೀ, ನಮ್ಮ ನಾಟ್ಯ ಬ್ಯಾರೆ. ಕಲ್ಲಿನ ಮ್ಯಾಲ ಕಲ್ತ ಕಾಲು ಎಲ್ಲಿ ಬೇಕಾದ್ರೂ ಕುಣಿತಾವ. ನೀವು ಮಕಾ ತೊಕ್ಕೊಂಡು ಚಾ ಕುಡೀರಿ."

ತೆಲಂಗಾಣ ಪ್ರತ್ಯೇಕ ರಾಜ್ಯವಾಗಬೇಕೆಂಬ ಹೋರಾಟ ಜೋರಾದ ವರ್ಷಗಳಲ್ಲಿ ಶಾಲೆಗಳು ಮುಚ್ಚಿದವು, ಬಸ್ಸುಗಳು ನಿಂತವು, ಅಪ್ಪನೂ ಉಳಿದ ಮಾಸ್ತರರ ಜೊತೆ ಮುಷ್ಕರಕ್ಕೆ ಕೂತರು. ಬೆಳಗ್ಗೆ ಟೆಂಟಿಗೆ ಹೋಗಿ ಜೈ ತೆಲಂಗಾಣ ಎಂದು ಕೂಗಿ, ಮಧ್ಯಾಹ್ನ ಕೂಗಿ ಕೂಗಿ ಒಡೆದ ದನಿಯಲ್ಲಿ ಅವ್ವನ ಹತ್ತಿರ ಕನ್ನಡದಲ್ಲಿ ರೊಟ್ಟಿ ಕೇಳುತ್ತಿದ್ದರು. ನಮ್ಮ ಓಣಿಯಲ್ಲಿ ಅದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಶಾಲೆ ಇಲ್ಲದ ಮಕ್ಕಳೆಲ್ಲ ನಮ್ಮ ಪಡಸಾಲೆಗೆ ಬಂದರು. ಮುಂಜಾನೆ ಎರಡು ತಾಸು ನಡೆಯುತ್ತಿದ್ದ ಪಾಠ ದಿನವಿಡೀ ನಡೆಯಿತು. ಅವ್ವನಿಗೆ ಅದು ಹಬ್ಬ. ಉಳಿದ ಹುಡುಗಿಯರು ದಣಿದು ಮನೆಗೆ ಹೋದ ಮೇಲೂ ಅಕ್ಕ ಉಳಿಯುತ್ತಿದ್ದಳು. ಮೊದಲು ಅವಳ ಬಲ ಮೊಣಕಾಲಿನ ಒಳಬದಿ ಚುಚ್ಚಲು ಶುರುವಾಯಿತು, ಆಮೇಲೆ ಬಾವು ಬಂತು. ಅವ್ವ ಅರಿಷಿಣ ಸುಣ್ಣ ಕಲಸಿ ಹಚ್ಚಿದಳು, ಬಟ್ಟೆ ಕಟ್ಟಿದಳು. ಮರುದಿನ ಮತ್ತೆ ಕೋಲು ಹಿಡಿದಳು. ಆ ಮುಷ್ಕರದ ನಡುವೆಯೇ, ಮಳೆಗಾಲದ ಕೊನೆಗೆ, ಹೆಂಗಸರ ಹೂವಿನ ಹಬ್ಬ ಬತುಕಮ್ಮ ಬಂತು. ಆ ಸಲ ಹೆಂಗಸರು ಹೂವಿನ ತಟ್ಟೆ ಹೊತ್ತು ಊರ ನಡುರಸ್ತೆಗೇ ಬಂದು, ಹೋರಾಟದ ಹಾಡು ಸೇರಿಸಿ ಸುತ್ತಲೂ ಚಪ್ಪಾಳೆ ತಟ್ಟಿ ಕುಣಿದರು. ಅಕ್ಕ ಆ ಸುತ್ತಿನಲ್ಲಿ ಸೇರಿದಳು. ಅಲ್ಲಿ ಯಾರೂ ಮಂಡಿ ತೆರೆ ಅನ್ನಲಿಲ್ಲ. ನೆಟ್ಟಗೆ ನಿಂತು, ಬಗ್ಗಿ, ಚಪ್ಪಾಳೆ ತಟ್ಟಿ ಏಳುವ ಅವಳ ಮೈ ಎಷ್ಟು ಹಗುರವಾಗಿತ್ತೆಂದರೆ, ರಸ್ತೆಯಲ್ಲಿ ಕಾವಲಿದ್ದ ಪೊಲೀಸನೊಬ್ಬ ಲಾಠಿ ಕಂಕುಳಲ್ಲಿ ಇಟ್ಟುಕೊಂಡು ಅವಳನ್ನೇ ನೋಡುತ್ತ ನಿಂತಿದ್ದ. ನಾನು ಅವಳನ್ನು ಅಷ್ಟು ಸಂತೋಷದಲ್ಲಿ ಮುಂದೆ ನೋಡಲಿಲ್ಲ. ಮನೆಗೆ ಬಂದ ಮೇಲೆ ಅವ್ವ ಊಟಕ್ಕೆ ಬಡಿಸುತ್ತ ಆ ಮಾತು ತೆಗೆದಳು.

"ರಸ್ತೆದಾಗ ಕುಣಿವಾಗ ಬ್ಯಾನಿ ಇರಲಿಲ್ಲ. ಇಲ್ಲಿ ಕೂಡು ಅಂದ್ರ ಬ್ಯಾನಿ ಬರ್ತೈತಿ."

"ಅಲ್ಲಿ ಕಾಲು ತಿರುವೋದು ಇರಂಗಿಲ್ಲಬೇ ಅವ್ವ. ತಿರುವಿದ್ರ ಅಷ್ಟಾ ನೋಯ್ತೈತಿ."

"ನೆವಾ ಹುಡುಕಬ್ಯಾಡ."

ಅಪ್ಪ ತಟ್ಟೆ ಸರಿಸಿ ಎದ್ದರು. ಹುಡುಗಿಯ ಕಾಲು ಬಾತಿದೆ, ನಿನಗೆ ಕಣ್ಣಿಲ್ಲವೇ ಎಂದು ಕೂಗಿದರು. ಅವ್ವ ತಿರುಗಿ ಕೂಗಿದಳು. ಮರುದಿನ ಅಪ್ಪ ತಮ್ಮ ಮಾತು ನಿಜವೆಂದು ತೋರಿಸುವ ಹಟಕ್ಕೆ ಬಿದ್ದು, ಬಸ್ಸಿಲ್ಲದ ಕಾಲದಲ್ಲಿ ಯಾರದೋ ಮೋಟಾರ್ ಸೈಕಲ್ ಹತ್ತಿ ಮಖ್ತಲ್‌ಗೆ ಹೋಗಿ, ಬೀಗ ಹಾಕಿದ ಶಾಲೆಯ ಬಾಗಿಲು ತೆಗೆಸಿ ಸ್ನಾಯುಗಳ ದೊಡ್ಡ ಪಟವೊಂದನ್ನು ತಂದರು. ಚರ್ಮವಿಲ್ಲದ ಕೆಂಪು ಮನುಷ್ಯನ ಪಟ. ಅದನ್ನು ಪಡಸಾಲೆಯ ಗೋಡೆಗೆ ಹಚ್ಚಿ, ಸೀಟಿಯ ದಾರದ ತುದಿಯಿಂದ ತೊಡೆಯ ಒಳಬದಿ ತೋರಿಸಿದರು.

"ನೋಡು ಶಾಂತಾ, ಇದು ಮೈಗಳ್ಳತನ ಅಲ್ಲ. ಈ ಸ್ನಾಯು ಬಿಗಿ ಆಗೈತಿ. ಅದಕ್ಕ ಕಾಲು ತೆರಿಯಂಗಿಲ್ಲ. ದಿನಾ ಎರಡು ಹೊತ್ತು ಚಲೋತ್ನಂಗ ಎಳದ್ರ ಸಡಲ ಬಿಡ್ತೈತಿ."

ಅವ್ವ ಪಟವನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಅದರಲ್ಲಿ ನಿಜ ಕಂಡಿತು. ಮದುವೆಯಾದಾಗಿನಿಂದ ಅವರಿಬ್ಬರೂ ನಾಟ್ಯದ ವಿಷಯದಲ್ಲಿ ಒಪ್ಪಿಕೊಂಡದ್ದು ಅದೊಂದೇ ಸಲ ಇರಬೇಕು. ಮನೆಯಲ್ಲಿ ಜಗಳ ನಿಂತಿತು. ಆ ಸಂಜೆ ಅಪ್ಪ ಮಿರ್ಚಿ ಬಜ್ಜಿ ತಂದರು, ಎಲ್ಲರೂ ಕಟ್ಟೆಯ ಮೇಲೆ ಕೂತು ತಿಂದೆವು. ಮಾರನೆಯ ದಿನದಿಂದ ಬೆಳಗಿನ ವಿಧಿ ಸಂಜೆಗೂ ಬಂತು. ಬೆಳಗ್ಗೆ ನಾನು, ಸಂಜೆ ಅಪ್ಪ. ಅಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿ, ಅವಳ ಎರಡೂ ಮಂಡಿಗಳನ್ನು ಅಪ್ಪ ತಮ್ಮ ಅಂಗೈಯಿಂದ ನೆಲದ ಕಡೆಗೆ ಒತ್ತುತ್ತಿದ್ದರು. ಗಿರಿಜವ್ವ, ಉಸುರು ಬಿಡು, ಉಸುರು ಬಿಡು ಎಂದು ಮೆತ್ತಗೆ ಹೇಳುತ್ತಿದ್ದರು. ಅವರಂಥ ಮೃದು ಮನುಷ್ಯ ಇರಲಿಲ್ಲ. ಬೈದು ಹೊಡೆದು ಮಾಡಿದ್ದರೆ ಅಕ್ಕ ಬೇಡ ಅನ್ನುತ್ತಿದ್ದಳೋ ಏನೋ. ಅವ್ವ ಅಪ್ಪ ಇಬ್ಬರೂ ಜಗಳ ಬಿಟ್ಟು ತನಗಾಗಿ ಒಂದೇ ಕೆಲಸಕ್ಕೆ ನಿಂತಿದ್ದಾರೆಂಬ ಸಂತೋಷಕ್ಕೆ ಅವಳು ಹಲ್ಲು ಕಚ್ಚಿಕೊಂಡಳು. ಅದು ಅರಿವಿನ ಹೆಸರಿನಲ್ಲಿ ಬಂದ ಅರ್ಧ ಅರಿವು. ಕೆಲವು ತಿಂಗಳಲ್ಲಿ ಅಕ್ಕ ನಿಜಕ್ಕೂ ಇನ್ನಷ್ಟು ಕೆಳಗೆ ಕೂತಳು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ರಾಜ್ಯ ಬಂತು. ಗದ್ವಾಲಿನಲ್ಲಿ ಕೋಟೆಯ ಹತ್ತಿರದ ಮೈದಾನದಲ್ಲಿ ಉತ್ಸವ ಮಾಡುತ್ತಾರೆ, ನಿಮ್ಮ ಮಗಳದು ಒಂದು ನೃತ್ಯ ಇರಲಿ ಎಂದು ಅಪ್ಪನ ಪರಿಚಯದವರು ಹೇಳಿಕಳಿಸಿದರು. ಅವ್ವ ತನ್ನ ಮದುವೆಯ ಗದ್ವಾಲ್ ಸೀರೆಯನ್ನು ಟ್ರಂಕಿನಿಂದ ತೆಗೆದು, ಕಣ್ಣುಮುಚ್ಚಿ ಕತ್ತರಿ ಹಾಕಿಸಿ, ಅಕ್ಕನಿಗೆ ನಾಟ್ಯದ ಉಡುಪು ಹೊಲಿಸಿದಳು. ಬಿಸಿಲು ಇನ್ನೂ ಇಳಿಯದ ಸಂಜೆ, ಮೈದಾನದ ತುಂಬ ಜನ. ಹೋರಾಟದ ಹಾಡುಗಳಾದ ಮೇಲೆ ಅಕ್ಕ ಬಂದಳು. ಅವ್ವ ವೇದಿಕೆಯ ಪಕ್ಕದಲ್ಲಿ ಕೂತು ತಾಳ ಹಿಡಿದು ಜತಿ ಹೇಳುತ್ತಿದ್ದಳು, ನಾನು ಅವಳ ಹಿಂದೆ ನೀರಿನ ಬಾಟಲಿ ಹಿಡಿದು ಕೂತಿದ್ದೆ. ಅಷ್ಟು ಚೆನ್ನಾಗಿ ಅಕ್ಕ ಎಂದೂ ಕುಣಿದಿರಲಿಲ್ಲ. ಕೊನೆಯ ಜತಿಯಲ್ಲಿ ಅವಳು ಪೂರ್ತಿ ಮಂಡಿ ಮಡಚಿ ಕೆಳಗೆ ಕೂತು, ಮುಂದಿನ ಸಾಲಿಗೆ ಎದ್ದು ತಿರುಗಬೇಕಿತ್ತು. ಕೂತಳು. ಸಾಲು ಮುಗಿಯಿತು. ಏಳಲಿಲ್ಲ. ಮರೆತಳೆಂದುಕೊಂಡು ಅವ್ವ ಅದೇ ಸಾಲನ್ನು ಮತ್ತೆ ಹೇಳಿದಳು. ಅಕ್ಕ ಕೂತಲ್ಲಿಂದಲೇ ಕೈಯಲ್ಲಿ ಮುದ್ರೆ ಹಿಡಿದಳು, ಕಣ್ಣು ಆಡಿಸಿದಳು, ನಕ್ಕಳು. ಅವ್ವ ಮತ್ತೂ ಹೇಳಿದಳು, ದನಿ ಏರಿಸಿ ಹೇಳಿದಳು, ಎದ್ದೇಳು ಎಂದು ಕಣ್ಣಿನಲ್ಲೇ ಗದರಿದಳು. ಅಕ್ಕನ ಕಣ್ಣಿನ ಕಾಡಿಗೆ ಕರಗಿ ಗಲ್ಲಕ್ಕೆ ಇಳಿಯುತ್ತಿತ್ತು, ಮುಖದ ಮೇಲಿನ ನಗು ಮಾತ್ರ ಹಾಗೇ ಇತ್ತು, ಕೈಗಳು ಒಂದು ಮುದ್ರೆಯನ್ನೂ ತಪ್ಪಲಿಲ್ಲ. ಇದೂ ನೃತ್ಯದ ಭಾಗವೆಂದು ತಿಳಿದು ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಅಪ್ಪ ಜನರ ನಡುವಿನಿಂದ ಓಡಿ ಬಂದು, ಚಪ್ಪಲಿ ಕಾಲಲ್ಲೇ ವೇದಿಕೆ ಹತ್ತಿ, ಅವಳನ್ನು ಮಗುವಿನ ಹಾಗೆ ಎತ್ತಿಕೊಂಡು ಇಳಿದರು. ಮಡಚಿದ ಮೊಣಕಾಲು ಬಿಚ್ಚಿರಲಿಲ್ಲ. ಅವ್ವನ ಬಾಯಲ್ಲಿ ಜತಿಯ ಅರ್ಧ ಸಾಲು ಇನ್ನೂ ಉಳಿದಿತ್ತು.

ರಾತ್ರಿ ಊರಿಗೆ ಮರಳಿ, ಮಾರನೆಯ ದಿನ ಕೃಷ್ಣೆಯ ಸೇತುವೆ ದಾಟಿ ರಾಯಚೂರಿಗೆ ಹೋದೆವು. ಎಲುಬಿನ ಡಾಕ್ಟರು ನಿಧಾನದ ಮನುಷ್ಯ. ಮೊಣಕಾಲು ನೋಡಿದರು, ಎಕ್ಸ್‌ರೇ, ಸ್ಕ್ಯಾನ್ ತೆಗೆಸಿದರು. ಆಮೇಲೆ ಅಕ್ಕನನ್ನು ಮಲಗಿಸಿ, ಕೆಟ್ಟ ಕಾಲನ್ನು ಬಿಟ್ಟು ಒಳ್ಳೆಯ ಕಾಲನ್ನು ತೊಡೆಯ ಬುಡದಿಂದ ಆಚೆ ಈಚೆ ತಿರುಗಿಸಿ ನೋಡಿದರು. ಹೊರಕ್ಕೆ ಅದು ಸ್ವಲ್ಪವೇ ತಿರುಗಿ ನಿಂತುಬಿಡುತ್ತಿತ್ತು. ಏನು ಕೆಲಸ ಮಾಡಿಸ್ತೀರಿ ಈ ಹುಡುಗಿಯಿಂದ ಎಂದು ಕೇಳಿದರು. ನಾಟ್ಯ ಎಂದಳು ಅವ್ವ. ಅರೆಮಂಡಿಯನ್ನು ತಾನೇ ಎದ್ದು ನಿಂತು ಮಾಡಿ ತೋರಿಸಿದಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

"ನೋಡ್ರಿ ಅಮ್ಮಾ, ತೊಡಿ ಎಲುಬಿನ ಗುಂಡು ಈ ಬಟ್ಟಲದಾಗ ಕುಂತಿರ್ತೈತಿ. ಬಟ್ಟಲ ಯಾವ ಕಡೆ ಮಕಾ ಮಾಡೈತಿ, ಎಲುಬು ಎಷ್ಟು ತಿರುವಿಕೊಂಡೈತಿ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ನಮೂನಿ. ಈಕಿದು ಹುಟ್ಟಿದಾಗಿಂದ ಹಿಂಗೈತಿ. ಹೊರಗ ತಿರುಗಂಗಿಲ್ಲ. ಎಲುಬಿಗೆ ಎಲುಬು ತಾಗಿದ ಮ್ಯಾಲ ಎಷ್ಟು ಎಳದ್ರೂ ಅಷ್ಟಾ."

"ಆದ್ರ ಬರ್ತಾ ಬರ್ತಾ ಕೆಳಗ ಕುಂತಳಲ್ರೀ," ಎಂದರು ಅಪ್ಪ.

"ಟೊಂಕದಾಗ ತಿರುಗದ್ದನ್ನ ಮಣಕಾಲಾಗ ತಿರುವ್ಯಾಳ ಸರ್. ಮಣಕಾಲು ಬಾಗಲ ಇದ್ದಂಗ, ತೆರಿತೈತಿ, ಮುಚ್ಚತೈತಿ. ತಿರುವಾಕ ಹೋದ್ರ ಒಳಗಿನ ಗಾದಿ ಹರಿತೈತಿ. ಹರದೈತಿ."

ಅಪ್ಪ ತಮ್ಮ ಅಂಗೈಗಳನ್ನು ನೋಡಿಕೊಂಡರು. ಅವ್ವ ಮಾತ್ರ ಡಾಕ್ಟರ ಮುಖವನ್ನೇ ನೋಡುತ್ತಿದ್ದಳು. ಆಪರೇಷನ್ ಬಗ್ಗೆ ಕೇಳುತ್ತಾಳೆ, ಮತ್ತೆ ಕುಣಿಯಬಹುದೇ ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ.

"ಹಂಗಾದ್ರ ಈಕಿ ಮೈಗಳ್ಳಿ ಅಲ್ಲೇನ್ರಿ?" ಎಂದು ಕೇಳಿದಳು.

ಡಾಕ್ಟರಿಗೆ ಅರ್ಥವಾಗಲಿಲ್ಲ. ನಮಗೆ ಅರ್ಥವಾಯಿತು. ಅಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಆಮೇಲೆ ಆಪರೇಷನ್ ಆಯಿತು. ನಡೆಯಬಹುದು, ಮೆಟ್ಟಿಲು ಹತ್ತಬಹುದು. ಜಿಗಿಯುವುದು, ಕುಕ್ಕರಗಾಲಲ್ಲಿ ಕೂರುವುದು ಬೇಡ ಎಂದರು. ಅಂದರೆ ನಾಟ್ಯ ಬೇಡ. ಹಿಂತಿರುಗುವಾಗ ಅವ್ವ ದಾರಿಯುದ್ದಕ್ಕೂ ಅಕ್ಕನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಪಾಠ ನಿಂತಿತು. ಪಡಸಾಲೆಯಲ್ಲಿ ಅಕ್ಕನ ಮಂಚ ಬಂತು, ಅದರ ಪಕ್ಕ ಬಂದವರಿಗೆಂದು ನಮ್ಮ ಮನೆಯ ಮೊದಲ ಕುರ್ಚಿಗಳೂ ಬಂದವು. ಅವ್ವ ಕೋಲನ್ನು ಒಲೆಗೆ ಹಾಕಲು ಹೋದಾಗ ಕಸಿದುಕೊಂಡವಳು ಅಕ್ಕನೇ. ಹುಡುಗ್ಯಾರು ದಿನಾ ಬಂದು ಕಟ್ಟಿ ಮ್ಯಾಲ ಕುಂತು ಹೋಗ್ತಾರ, ಕಲಿಸಬೇ ಎಂದಳು. ಮೈ ಒಳಗೇನೈತಿ ಗೊತ್ತಿಲ್ದ ಹೆಂಗ ಕಲಿಸಲಿ ಎಂದಳು ಅವ್ವ. ಗೊತ್ತಾಗಬೇಕೆಂಬುದು ಅವಳ ತಲೆಗೆ ಹೊಕ್ಕಿದ್ದು ಆಗಲೇ. ಅವ್ವ ಓದಿದ್ದು ಏಳನೇ ಕ್ಲಾಸು. ಅಪ್ಪ ತಂದುಕೊಟ್ಟ ಪುಸ್ತಕಗಳನ್ನು ನಾನು ಗಟ್ಟಿಯಾಗಿ ಓದಬೇಕು, ಅವಳು ರೊಟ್ಟಿ ತಟ್ಟುತ್ತ ಕೇಳಬೇಕು. ಕೊನೆಗೆ ಓದಿದ್ದು ಸಾಲದು, ಕೈಯಿಂದ ಮುಟ್ಟಿ ನೋಡಬೇಕು ಎಂದಳು. ಬೇಸಿಗೆ ರಜೆಗೆ ಅಪ್ಪ ಶಾಲೆಯ ಪ್ಲಾಸ್ಟಿಕ್ಕಿನ ಎಲುಬಿನ ಗೂಡನ್ನು ಕೇಳಿ ಪಡೆದು ಬಸ್ಸಿನಲ್ಲಿ ತಂದರು. ಇವರಿಗೂ ಟಿಕೆಟ್ ತಗೋತೀರಾ ಸಾರ್ ಎಂದು ಕಂಡಕ್ಟರು ಕೇಳಿದನಂತೆ. ಮೊಟ್ಟೆಯನ್ನೂ ಒಳಗೆ ಬಿಡದ ಲಿಂಗವಂತರ ಮನೆಗೆ ಎಲುಬು ಬಂದದ್ದು ನೋಡಿ ಓಣಿಯವರು ಮೂಗಿನ ಮೇಲೆ ಬೆರಳಿಟ್ಟರು. ಅವ್ವ ಅದಕ್ಕೆ ತನ್ನದೊಂದು ಹಳೆಯ ಹತ್ತಿ ಸೀರೆ ಹೊದಿಸಿ, ಪಡಸಾಲೆಯ ನಟರಾಜನ ಮೂರ್ತಿಯ ಪಕ್ಕದಲ್ಲೇ ನಿಲ್ಲಿಸಿದಳು. ಬಿಡುವಾದಾಗೆಲ್ಲ ಸೀರೆ ಸರಿಸಿ ತೊಡೆಯ ಗುಂಡನ್ನು ಬಟ್ಟಲಲ್ಲಿ ತಿರುಗಿಸುತ್ತಿದ್ದಳು. ತಿರುಗಿಸುತ್ತ ಒಮ್ಮೊಮ್ಮೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

ಪಾಠ ಮತ್ತೆ ಶುರುವಾದಾಗ ಅದು ಬೇರೆಯೇ ಪಡಸಾಲೆ. ಮಗ್ಗ ಮಾಡುವ ಬಡಗಿಯನ್ನು ಕರೆಸಿ ಬಂಡೆಯ ಮೇಲೆ ತೊಲೆ ಇಟ್ಟು ಹಲಗೆ ಹೊಡೆಸಿದರು. ಬಂದ ಹುಡುಗಿಯರು ಮೊದಲು ಅಪ್ಪನ ಸೀಟಿಗೆ ಓಡಿ ಮೈ ಬಿಸಿ ಮಾಡಿಕೊಳ್ಳಬೇಕು. ಆಮೇಲೆ ಅವ್ವ ಹೊಸಬರನ್ನು ಕೌದಿಯ ಮೇಲೆ ಮಲಗಿಸಿ, ಕಾಲನ್ನು ತೊಡೆಯ ಬುಡದಿಂದ ತಿರುಗಿಸಿ ನೋಡಿ, ಯಾರಿಗೆ ಎಷ್ಟು ಅರೆಮಂಡಿ ಎಂದು ನಿಶ್ಚಯಿಸುವಳು. ಮಹಬೂಬನಗರದಿಂದಲೂ ಜನ ನೋಡಲು ಬಂದರು, ಹೀಗೂ ಕಲಿಸುತ್ತಾರೆಯೇ ಎಂದು ಹೊಗಳಿದರು. ನಾನು ಇಂದು ಮಕ್ಕಳಿಗೆ ಕಲಿಸುವುದೆಲ್ಲ ಅಲ್ಲಿ ನೋಡಿ ಕಲಿತದ್ದು. ಅಕ್ಕ ಕುರ್ಚಿಯ ಮೇಲೆ ಕೂತು ಕೋಲು ಹಿಡಿದು ತಾಳ ಹಾಕುತ್ತಿದ್ದಳು. ಅವಳ ತಾಳ ಒಂದು ಕೂದಲೆಳೆ ತಪ್ಪುತ್ತಿರಲಿಲ್ಲ. ಅವ್ವನ ಮೇಲೆ ಅವಳು ಒಂದು ದಿನವೂ ದೂರು ಹೇಳಲಿಲ್ಲ, ಅವ್ವನೂ ಅವಳ ಬಳಿ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲವೇನೋ.

ಒಂದು ಬೆಳಗ್ಗೆ ಎದುರುಮನೆಯ ನೇಕಾರರ ಮಗಳು ಪದ್ಮ ಅರೆಮಂಡಿಗೆ ಕೂತವಳು, ಇನ್ನೂ ಕೆಳಗೆ ಇಳಿಯಲು ಒದ್ದಾಡಿ, ನೋಯುತ್ತದೆ ಎಂದು ತೆಲುಗಿನಲ್ಲಿ ಅಳುಮೋರೆ ಮಾಡಿದಳು.

"ನೊಸ್ತುಂದಿ ಟೀಚರ್."

ಅವ್ವ ಅವಳ ಮುಂದೆ ಮಂಡಿಯೂರಿ ಕೂತಳು. ಎರಡೂ ಕೈಯಿಂದ ಅವಳ ತೊಡೆಗಳನ್ನು ಹಿಡಿದು, ಮೆಲ್ಲಗೆ ಮೇಲಕ್ಕೆ ಎತ್ತಿದಳು.

"ಇಷ್ಟಾ ಸಾಕು ಕಂದಾ. ನಿನ್ನ ಎಲುಬು ಇಷ್ಟಕ್ಕ ನಿಲ್ಲು ಅಂತೈತಿ. ಇದರಾಗಾ ಭಾಳ ಚಂದ ಕುಣಿತಿ ನೀ. ಕೆಳಗ ಹೋಗಬ್ಯಾಡ."

ಕೋಲಿನ ಸದ್ದು ನಿಂತಿತು. ಅಕ್ಕ ಕೋಲನ್ನು ಮಣೆಯ ಮೇಲೆ ಸದ್ದಾಗದಂತೆ ಇಟ್ಟು, ಎದ್ದು, ಅಡುಗೆಮನೆಗೆ ಹೋದಳು. ಅವ್ವ ತಲೆ ಎತ್ತಲಿಲ್ಲ, ಪದ್ಮಳ ತೊಡೆಯನ್ನು ಹಿಡಿದೇ ಇದ್ದಳು. ನಾನು ಒಳಗೆ ಹೋದಾಗ ಅಕ್ಕ ಒಲೆಯ ಪಕ್ಕದ ಮಣೆಯ ಮೇಲೆ ಒಂದು ಕಾಲು ನೀಡಿ ಕೂತು ಪುಂಡಿಸೊಪ್ಪು ಬಿಡಿಸುತ್ತಿದ್ದಳು. ಕಡ್ಡಿಯನ್ನು ಬುಟ್ಟಿಗೆ, ಎಲೆಯನ್ನು ಕಸಕ್ಕೆ ಹಾಕುತ್ತಿದ್ದಳು. ನಾನು ಅವಳ ಪಕ್ಕ ಕೂತು, ಕಸದಿಂದ ಎಲೆಗಳನ್ನು ಆರಿಸಿ ಬುಟ್ಟಿಗೆ ಹಾಕಿದೆ.

"ಅವ್ವ ಈಗ ಭಾಳ ಚಲೋ ಕಲಿಸ್ತಾಳ," ಎಂದಳು.

"ಹೂಂ," ಎಂದೆ.

ಹೊರಗೆ ಅವ್ವ ತಾನೇ ಕೋಲು ತೆಗೆದುಕೊಂಡು ತಾಳ ಶುರುಮಾಡಿದಳು. ಅಕ್ಕ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಆಸ್ಪತ್ರೆಯಲ್ಲೂ ಅಳದಿದ್ದವಳು ನನ್ನ ಹೆಗಲಿಗೆ ಹಣೆ ಒತ್ತಿ, ದನಿ ಹೊರಗೆ ಕೇಳದ ಹಾಗೆ ಅತ್ತಳು.

"ನನ್ನದೂ ಅಷ್ಟಾ ಸಾಕಿತ್ತಲ್ಲೇನ ನೀಲಾ?"